ಅದಲುಬದಲಾದ ತೋಳು

ಮಾನ್ಯ ಅಧ್ಯಕ್ಷರೇ, ಈ ಆಸ್ಪತ್ರೆಯ ಮನೋರೋಗ ವಿಭಾಗದ ಡಾಕ್ಟರಮ್ಮನವರೇ, ಇಲ್ಲಿನ ಹೊಲಿಗೆ ತರಗತಿಯಲ್ಲಿ ಈ ವರ್ಷ ಕಲಿತು ಮುಗಿಸಿದ ಮಕ್ಕಳೇ, ಅವರನ್ನು ದಿನವೂ ಕರೆತಂದು ಹೊರಗಿನ ಬೆಂಚಿನ ಮೇಲೆ ಕಾದು ಕುಳಿತ ತಾಯಿತಂದೆಯರೇ, ಸಭಿಕರೇ,

ಒಬ್ಬ ದರ್ಜಿಯನ್ನು ಮೈಕಿನ ಮುಂದೆ ನಿಲ್ಲಿಸಿದ್ದೀರಿ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಲವತ್ತು ವರ್ಷ ಕಳೆದವನು ನಾನು. ನನ್ನಾಕೆ ಬದುಕಿದ್ದಾಗ ಹೇಳುತ್ತಿದ್ದಳು, "ಪಿನ್ನು ತೆಗೆದ್ರೂ ಅಷ್ಟೇರೀ, ನಿಮ್ಮ ಬಾಯಿಂದ ಬರೋದು ಬರೀ ಅಳತೆ." ನಗಬಹುದು ನೀವು. ಅವಳೂ ನಗುತ್ತಿದ್ದಳು.

ಇಂದು ನನಗೆ ಕೊಟ್ಟ ವಿಷಯ 'ಆತ್ಮಾಭಿಮಾನವೇ ಆರೋಗ್ಯ'. ನನ್ನ ಹಿಂದಿನ ಬ್ಯಾನರಿನ ಮೇಲೂ ಅದೇ ಇದೆ. ಬ್ಯಾನರಿನ ಅಂಚನ್ನು ಬಹಳ ಚೆನ್ನಾಗಿ ಮಡಚಿ ಹೊಲಿದಿದ್ದಾರೆ. ಬರೆದ ಮಾತನ್ನು ಮಾತ್ರ ನಾನು ಒಪ್ಪಲಾರೆ. ಡಾಕ್ಟರಮ್ಮನವರು ಕ್ಷಮಿಸಬೇಕು.

ನನ್ನ ಮಗಳನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಮೂರು ವರ್ಷದ ಹಿಂದೆ ಆಫೀಸಿನ ಕೆಲಸ ಬಿಟ್ಟು ಮನೆಗೆ ಬಂದಳು. ತಲೆ ಬಾಚುವುದನ್ನೂ ಬಿಟ್ಟಳು. "ನಾನು ಯಾತಕ್ಕೂ ಬಾರದವಳಪ್ಪ." ಅದೊಂದೇ ಮಾತು. ಇಲ್ಲಿಗೆ ಕರೆತಂದೆ. ಮಾತ್ರೆಯಿಂದ ನಿದ್ದೆ ಬಂತು, ಎರಡು ತುತ್ತು ಊಟವೂ ಸೇರಿತು. ಅದನ್ನು ನಾನು ಮರೆಯುವವನಲ್ಲ. ಆಮೇಲೆ ಸಲಹೆ ಕೊಡುವ ಮೇಡಂ ಹೇಳಿದರು, "ಅವಳಿಗೆ ಅವಳ ಮೇಲೇ ಗೌರವ ಇಲ್ಲ ಮೇಷ್ಟ್ರೇ. ಮೆಚ್ಚಿ, ಸೋಲೋಕೆ ಬಿಡಬೇಡಿ." ಮೇಷ್ಟ್ರೇ ಎಂದದ್ದಕ್ಕೇ ನಾನು ಉಬ್ಬಿಹೋದೆ.

ಮೇಡಂ ಹೇಳಿದಂತೆ ಮಗಳು ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು 'ನಾನು ಅಮೂಲ್ಯ' ಎಂದು ದಿನಕ್ಕೆ ಹತ್ತು ಸಲ ಹೇಳಬೇಕಿತ್ತು. ಹೇಳಿದಳು. ನಂಬಲಾಗದ ದಿನ ನನ್ನತ್ತ ತಿರುಗಿ, "ಇದ್ರಲ್ಲೂ ಫೇಲಾದೆ ಅಪ್ಪ" ಎಂದಳು. ಆಗಲಾದರೂ ನನಗೆ ತಿಳಿಯಬೇಡವೇ?

ತಿಳಿಯಲಿಲ್ಲ. ಅವಳನ್ನು ಮಷೀನಿಗೆ ಕೂರಿಸಿದೆ. ಕಾಲರು ಸೊಟ್ಟಗಾಗುತ್ತಿತ್ತು, ಗುಂಡಿ ಹಾಕುವ ಕಾಜ ಹರಿಯುತ್ತಿತ್ತು. ಬೆಳಿಗ್ಗೆ ಅವಳು ಏಳುವ ಮೊದಲೇ ಅಂಗಡಿಗಿಳಿದು ಅವಳ ಹೊಲಿಗೆ ಬಿಚ್ಚಿ ನಾನೇ ಹೊಲಿದಿಡುತ್ತಿದ್ದೆ. ಬಿಚ್ಚಿದ ದಾರವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅವಳು ಬಂದ ಕೂಡಲೇ, "ಭೇಷ್! ಯಾರಮ್ಮ ಇದನ್ನ ಹೊಲಿದದ್ದು?" ಹೀಗೆ ಏಳು ತಿಂಗಳು. ಅವಳು ತಲೆ ಬಾಚಿಕೊಳ್ಳತೊಡಗಿದಳು, ಗಿರಾಕಿಗಳೊಡನೆ ನಕ್ಕಳು. ಇದೇ ಡಾಕ್ಟರಮ್ಮನವರು ನನ್ನ ಬೆನ್ನು ತಟ್ಟಿದರು.

ಒಂದು ದಿನ ನನಗೆಂದೇ ಒಂದು ಕೋಟು ಹೊಲಿಯಲು ಕೂತಳು. ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಎಡದ ತೋಳು ಬಲಕ್ಕೆ, ಬಲದ ತೋಳು ಎಡಕ್ಕೆ. ಬಿಚ್ಚಿದೆ, ಸರಿಯಾಗಿ ಕೂರಿಸಿದೆ, ಇಸ್ತ್ರಿ ಮಾಡಿ ತೂಗುಹಾಕಿದೆ. ಅವಳು ಬಂದಳು. "ನೋಡಮ್ಮ, ತೋಳು ಹೆಂಗೆ ಕೂತಿದೆ! ನನ್ನ ಕೈಲೂ ಆಗಲ್ಲ" ಎಂದೆ.

ಅವಳು ಕೋಟನ್ನು ಮುಟ್ಟಲಿಲ್ಲ. "ಬೇಕಂತಲೇ ಅದಲುಬದಲು ಮಾಡಿಟ್ಟಿದ್ದೆ ಅಪ್ಪ" ಎಂದಳು.

ಸಭಿಕರೇ, ನಾನೇನು ಹೇಳಬೇಕಿತ್ತು? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

"ಹಾಗಾದ್ರೆ ಏಳು ತಿಂಗಳಲ್ಲಿ ನಾನು ಹೊಲಿದದ್ದು ಯಾವುದು?" ಎಂದು ಕೇಳಿದಳು. ಅವಳು ನನ್ನೆದುರೇ ಕೂತು ಎರಡೂ ತೋಳು ಬಿಚ್ಚಿ, ಮತ್ತೆ ಅದಲುಬದಲಾಗಿಯೇ ಹೊಲಿದಳು. "ಇದೊಂದು ನಂದು" ಎಂದು ಕೋಟನ್ನು ಮೊಳೆಗೆ ಸಿಕ್ಕಿಸಿ ಮಹಡಿ ಹತ್ತಿದಳು. ಎರಡು ವರ್ಷವಾಯಿತು. ಇಳಿದು ಬಂದಿಲ್ಲ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ ನನ್ನನ್ನು ಒಂದು ದಿನವೂ ಜಾಣ ಎನ್ನಲಿಲ್ಲ, ದಡ್ಡ ಎಂದೂ ಅನ್ನಲಿಲ್ಲ. ಬಟ್ಟೆ ನೋಡಿ "ಬಿಚ್ಚು" ಎನ್ನುತ್ತಿದ್ದ. ಆಮೇಲೆ, "ಉಂಡ್ಕೊಂಡು ಬಂದು ಬಿಚ್ಚೋ, ಬಟ್ಟೆ ಎಲ್ಲೂ ಓಡಿಹೋಗಲ್ಲ." ಅವನ ಟೇಪು ಬಟ್ಟೆಗೆ ಮಾತ್ರ, ನನಗಲ್ಲ. ಮಗಳಿಗೆ ನಾನು ದಿನವೂ ಟೇಪು ಹಿಡಿದೆ, ಅದೂ ಸುಳ್ಳು ಅಳತೆ ಓದಿ. ಅವಳು ತಾನು ಎಷ್ಟರವಳು ಎಂದು ಲೆಕ್ಕ ಹಾಕಿಕೊಂಡೇ ಸೋತಿದ್ದಳು. ನಾನು ಆ ಲೆಕ್ಕವನ್ನೇ ಇನ್ನಷ್ಟು ಬೆಳೆಸಿದೆ. ಬಿಚ್ಚು, ಉಣ್ಣು, ಬಾ. ಇಷ್ಟು ಹೇಳಲು ನನ್ನಿಂದಾಗಲಿಲ್ಲ.

ಇವತ್ತು ನಾನು ತೊಟ್ಟಿರುವುದು ಅದೇ ಕೋಟು. ಬಂದಾಗಿನಿಂದ ಮುಂದಿನ ಸಾಲಿನವರು ನನ್ನ ತೋಳನ್ನೇ ನೋಡುತ್ತಿದ್ದೀರಿ, ಗೊತ್ತು. ಹೊರಡುವ ಮುನ್ನ ಅವಳ ಬಾಗಿಲಲ್ಲಿ ನಿಂತು, "ಹೇಗಿದೆಯಮ್ಮ?" ಎಂದೆ. ತೋಳನ್ನು ನೋಡಿದಳು. "ಎಳೆಯುತ್ತೆ" ಎಂದಳು. "ಹೌದು, ಎಳೆಯುತ್ತೆ" ಎಂದೆ. ಗೋಡೆಯ ಕಡೆ ತಿರುಗಿ ಮಲಗಿದಳು.

ದಯವಿಟ್ಟು ಚಪ್ಪಾಳೆ ಬೇಡ. ಅವಳು ಅಷ್ಟು ಮಾತಾಡಿದ್ದು ಗುಣವಾಗುವ ಲಕ್ಷಣ ಎಂದು ಯಾರೂ ನನಗೆ ಹೇಳಬೇಡಿ. ನನಗೆ ಹಾಗನ್ನಿಸುವುದಿಲ್ಲ. ಹಾಗೆಂದು ಸುಳ್ಳು ಹೇಳುವ ಶಕ್ತಿಯೂ ಉಳಿದಿಲ್ಲ.

ಕರೆದು ಕೂರಿಸಿ, ಇಷ್ಟೆಲ್ಲ ಕೇಳಿಸಿಕೊಂಡಿರಿ. ನಿಮ್ಮ ಉಪಕಾರ ದೊಡ್ಡದು. ಈ ಕೋಟಿನಲ್ಲಿ ಕೈ ಮುಂದಕ್ಕೆ ಬರುವುದಿಲ್ಲ, ಬೆರಳ ತುದಿಯಷ್ಟೇ ಸೇರುತ್ತದೆ. ಅಷ್ಟರಲ್ಲೇ, ನಮಸ್ಕಾರ.