ಡಬ್ಬಿಯೊಳಗಿನ ಬಳಪ

೧೯೫೮ರ ಬೇಸಿಗೆ. ಹೊಟ್ಟೆನೋವೆಂದು ಹುಕ್ಕೇರಿಯ ದವಾಖಾನೆಗೆ ಬಂದಿದ್ದ ಕಾಶೆವ್ವ, ಪಕ್ಕದಲ್ಲಿ ಕುಳಿತಿದ್ದ ಗಂಡ-ಹೆಂಡತಿಯ ಜಗಳ ಕೇಳುತ್ತ ನೋವನ್ನೇ ಮರೆತಳು. ಹೆಂಡತಿಯ ಮಡಿಲಲ್ಲಿ ಆರು ತಿಂಗಳ ಕೂಸು ಬಿಟ್ಟೂಬಿಡದೆ ಕೆಮ್ಮುತ್ತಿತ್ತು.

“ಪೌಡರ್ ಡಬ್ಬಿ ಬೋರಲ ಹಿಡದು ಕೂಸಿನ ಮಾರಿ ಮ್ಯಾಲೆ ಸುರುವೂದೇನ್ರಿ?”

“ನಿಮ್ಮಪ್ಪ ಬರಾಂವಿದ್ದ. ಮೊಮ್ಮಗಳು ಬೆಳ್ಳಗ ಕಾಣ್ಲಿ ಅಂತ ಹಾಕಿದ್ನಿ.”

“ನಿಮ್ಮ ಬಣ್ಣ ಬಂದೈತಿ ಅದಕ್ಕ. ಪೌಡರಿಗಿ ಹೋಗತೈತೇನ್ರಿ?”

“ಖರೆ ಅಂದ್ರ ಅದು ಬಳಪದ ಕಲ್ಲಂತ. ಕಂಪೌಂಡರ್ ಹೇಳಿದ್ರು. ಸಣ್ಣಗ ಬೀಸಿ, ಅತ್ತರ ಹಾಕಿ ತುಂಬತಾರಂತ.”

“ಹಂಗಂದ್ರ ಸಾಲಿಗಿ ಕಳಸೂ ಮೊದಲ ಕೂಸಿನ ಎದಿಯೊಳಗ ಬಳಪ ತುಂಬೀರಿ!”

ಕಾಶೆವ್ವ ನಗು ತಡೆಯಲು ಸೆರಗು ಕಚ್ಚಿಕೊಂಡಳು. ಅಷ್ಟರಲ್ಲಿ ಡಾಕ್ಟರು ಅವರನ್ನು ಕರೆದರು. ಒಳಗಿನಿಂದ ಕೆಮ್ಮು ಕೇಳುತ್ತಿದ್ದಷ್ಟು ಹೊತ್ತು ಅವಳಿಗೆ ನಗು ಬರಲಿಲ್ಲ. ಕೊನೆಗೆ ಕೆಮ್ಮು ನಿಂತು, ಕೂಸು ಗಂಟಲು ಬಿಚ್ಚಿ ಅತ್ತಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಬಂದರು.

“ಎದಿ ಸ್ವಚ್ಛ ಐತಿ ಅಂದ್ರಲ್ಲ,” ಎಂದ ಗಂಡ.

“ಇನ್ನ ಮ್ಯಾಲೆ ಕೂಸಿಗಿ ಪೌಡರ್ ಮುಟ್ಟಸಬ್ಯಾಡ್ರಿ ಅಂತನೂ ಅಂದ್ರು.”

“ಮತ್ತ ತುಂಬಿದ ಡಬ್ಬಿ ಏನ್ ಮಾಡೂದು?”

“ನಿಮ್ಮ ಸೈಕಲ್ ಟ್ಯೂಬಿಗಿ ಸವರ್ರಿ. ಟಾಯರಿಗಿ ಅಂಟೂದಿಲ್ಲ.”

“ಅಷ್ಟ ಘಮಘಮಾ ಅನ್ನೂದನ್ನ ಟ್ಯೂಬಿಗಿ ಸವರೂದ?”

“ಅದಿರ್ಲಿ, ಮೊದಲ ನಿಮ್ಮ ಕುತ್ತಿಗಿ ಒರಸ್ಕೋರಿ. ಕಂಪೌಂಡರ್ ಆಗಿಂದ ನಗಾಕತ್ತಾರ.”

ಗಂಡ ಧೋತರದ ಚುಂಗಿನಿಂದ ಕುತ್ತಿಗೆಗೆ ಮೆತ್ತಿದ್ದ ಪೌಡರ್ ತಿಕ್ಕುತ್ತ, ಕಂಪೌಂಡರರ ಕಡೆ ನೋಡದೆ, ಹೆಂಡತಿಗಿಂತ ಮೊದಲೇ ಬಾಗಿಲು ದಾಟಿದ.