ಮಾದರಿ ನಲವತ್ತೊಂದು

ಥೆಸಲೋನಿಕಿಯ ಹೆರಿಗೆ ಆಸ್ಪತ್ರೆಯ ಸರತಿಯಲ್ಲಿ ನನ್ನ ಮುಂದೆ ಸ್ಟಮಾಟಿಯಾ ಎಂಬ ಅತ್ತೆ, ಆಕೆಯ ಸೊಸೆ ಇವಾಂಥಿಯಾ ನಿಂತಿದ್ದರು. ಏಳು ತಿಂಗಳಿಗೆ ಹೊಟ್ಟೆಯಲ್ಲೇ ತೀರಿಕೊಂಡ ಗಂಡುಮಗುವಿನ ಮಾಸನ್ನು ಸಂಶೋಧನೆಗೆ ಕೊಡುವ ಒಪ್ಪಿಗೆಪತ್ರ ಸೊಸೆಯ ಕೈಯಲ್ಲಿತ್ತು.

“ಯಾಕೆ ಹೋದ ಅಂತ ಯಾರಾದ್ರೂ ಹುಡುಕಲಿ ಅತ್ತೆ.”

“ಸಹಿ ಹಾಕು. ಹೆಸರ್ಯಾಕೆ ಬರೀತೀಯೇ? ಜ್ಞಾನಸ್ನಾನ ಆಗದ ಕೂಸಿಗೆ ಹೆಸರಿಡ್ತಾರಾ?”

“ಆಸ್ಪತ್ರೆಯವರು ಆಗ್ಲೇ ಇಟ್ಟಾಯ್ತು, ನೋಡಿ. ‘ಮಾದರಿ ನಲವತ್ತೊಂದು’.”

“ಪಾದ್ರಿಗೆ ಗೊತ್ತಾದ್ರೆ?”

“ಮಣ್ಣು ಮಾಡೋಕೇ ಬರದವನು ಇದನ್ನ ಕೇಳೋಕೆ ಬರ್ತಾನಾ?”

ಅತ್ತೆ ಪತ್ರದತ್ತ ಬಗ್ಗಿದಳು.

“ಏನಂತ ಬರೆದೆ?”

“ಮೊದಲ ಮೊಮ್ಮಗನಿಗೆ ಅಜ್ಜನ ಹೆಸರೇ ಅಲ್ವಾ? ತೀರಿಹೋದ ಮಾವನದ್ದೇ. ಫಿಲಿಪೋಸ್.”

“ಫಿಲಿಪ್ಪೋಸ್ ಕಣೇ! ಒಂದೇ ‘ಪ’ ಹಾಕಿದ್ದೀಯ, ಅವರದ್ದು ಎರಡು. ಕೊಡು ಪೆನ್ನು.”

ಬಿಟ್ಟಿದ್ದ ಅಕ್ಷರವನ್ನು ಸೇರಿಸಿ, ಸೊಸೆಯ ತೋಳು ಹಿಡಿದು ಅತ್ತೆ ಪತ್ರ ಕೊಡುವ ಕಿಟಕಿಯತ್ತ ನಡೆದಳು.