ಎರಡನೆಯ ಕೊಡ

ಒಬ್ಬ ಸಾಹುಕಾರ ಇದ್ದ ಅಂತ ಇಟ್ಟುಕೊಳ್ಳಿ. ಯಾವ ಊರಿನವನು ಅಂತ ಕೇಳಬೇಡಿ; ಹೇಳಿದರೆ ಈ ಸಭೆಯಲ್ಲೇ ಒಂದಿಬ್ಬರು ತಲೆ ತಗ್ಗಿಸಬೇಕಾದೀತು. ಕೂತು ಉಂಡು ಮೈ ಬಂದಿತ್ತು, ಸಕ್ಕರೆ ಕಾಯಿಲೆ ಬಂದಿತ್ತು, ನಿದ್ದೆ ಹೋಗಿತ್ತು. ಡಾಕ್ಟರು, "ದಿನಾ ಬೆಳಗ್ಗೆ ಒಂದು ಬೆಟ್ಟ ಹತ್ತಿ. ಜೊತೆಗೆ ಯಾರೂ ಬೇಡ, ಫೋನೂ ಬೇಡ" ಅಂದರು.

ಊರಾಚೆ ಒಂದು ಬೋಳು ಬೆಟ್ಟ. ಸಾಹುಕಾರ ಒಬ್ಬನೇ ಹತ್ತತೊಡಗಿದ. ಮೊದಲ ವಾರ ಏದುಸಿರು, ಎರಡನೆಯ ವಾರ ಕಾಲುನೋವು, ತಿಂಗಳಾಗುವಷ್ಟರಲ್ಲಿ ರುಚಿ ಹತ್ತಿತು. ತಣ್ಣನೆ ಗಾಳಿ, ಹುಲ್ಲಿನ ವಾಸನೆ, ಎಲ್ಲೋ ನವಿಲಿನ ಕೂಗು, ಯಾರ ಕಾಟವೂ ಇಲ್ಲ. ತುದಿಯಲ್ಲಿ ಒಂದು ಬಂಡೆ, ಅದರ ನೆರಳಲ್ಲಿ ಮಣ್ಣಿನ ಗುಡಾಣ, ಗುಡಾಣದ ತುಂಬ ತಣ್ಣೀರು. ಎರಡು ಚೊಂಬು ಕುಡಿಯುತ್ತಿದ್ದ, ಮುಖ ತೊಳೆಯುತ್ತಿದ್ದ, ಇಳಿಯುವ ಮುನ್ನ ಪಾದಕ್ಕೂ ಸುರಿದುಕೊಳ್ಳುತ್ತಿದ್ದ. ವರ್ಷದಲ್ಲಿ ಸಕ್ಕರೆ ಇಳಿಯಿತು, ನಿದ್ದೆ ಬಂತು. "ಆ ಬೆಟ್ಟದ ನೀರಲ್ಲೇ ಏನೋ ಇದೆ ಕಣ್ರಿ" ಅಂತ ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ನೋಡಿ, ಬೋಳು ಬೆಟ್ಟದ ಮೇಲಿನ ಗುಡಾಣ ತಾನಾಗಿ ತುಂಬುತ್ತದೆಯೇ? ಮೂರನೇ ಕ್ಲಾಸಿನ ಮಗುವಿಗೂ ಬರುವ ಪ್ರಶ್ನೆ. ಅವನಿಗೆ ಬರಲಿಲ್ಲ. ವರ್ಷವಿಡೀ ಬರಲಿಲ್ಲ.

ಒಂದು ದಿನ ಬೆಳಗ್ಗೆ ಯಾರದೋ ಮದುವೆ ಇತ್ತು. ಅವನು ಸಂಜೆ ಹತ್ತಿದ. ಅರ್ಧ ದಾರಿಯಲ್ಲಿ ಒಬ್ಬ ಮುದುಕಿ. ತಲೆಯ ಮೇಲೆ ಕೊಡ, ಒಂದು ಕೈ ಮಂಡಿಯ ಮೇಲೆ. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು.

"ಈ ವಯಸ್ಸಲ್ಲಿ ಯಾಕಮ್ಮ ಇದು?" ಅಂದ.

"ಮಧ್ಯಾಹ್ನ ಕುರಿ ಕಾಯೋರು ಬರ್ತಾರೆ ಸ್ವಾಮಿ, ಅವ್ರಿಗೆ. ನಮ್ಮೆಜಮಾನ್ರು ಇಲ್ಲೇ ಕುರಿ ಕಾಯ್ತಾ ಬಾಯಾರಿ ಬಿದ್ದು ಹೋದ್ರು. ಆವತ್ತಿಂದ ದಿನಾ ಸಂಜೆ ಒಂದು ಕೊಡ ತಂದು ಹುಯ್ತಿದ್ದೆ, ಮಾರನೇ ದಿನಕ್ಕೆ. ಸಾಲ್ತಿತ್ತು. ಈಗೊಂದು ವರ್ಷದಿಂದ ಮಧ್ಯಾಹ್ನದೊಳಗೆ ಖಾಲಿ. ಗುಡಾಣ ಸೀಳು ಬಿಟ್ಟೈತೇನೋ ಅಂತ ತಡಕಿ ತಡಕಿ ನೋಡ್ದೆ, ಇಲ್ಲ. ಯಾವ್ದೋ ಪ್ರಾಣಿ ಬಂದು ಕುಡೀತೈತೆ. ಅದ್ಕೇ ಎರಡು ಸಲ ಹತ್ತಿ ಇಳೀತೀನಿ."

"ಅದನ್ನ ಬೈಯಲ್ವಾ ನೀನು?"

"ಯಾಕೆ ಬೈಯ್ಲಿ? ಬಾಯಿಲ್ದ ಜೀವ. ಕೇಳಾಕೆ ಬರಾಕಿಲ್ಲ ಅದ್ಕೆ."

ಸಾಹುಕಾರನಿಗೆ ಬಾಯಿತ್ತು. ವ್ಯಾಪಾರದ ಮಂಡಿಯಲ್ಲಿ ಹತ್ತು ಜನರನ್ನು ಗದರಿಸುವ ಬಾಯಿ. 'ಆ ಪ್ರಾಣಿ ನಾನೇ ಕಣಮ್ಮ' ಅಂದರೆ ಸಾಕಿತ್ತು. ಬರಲಿಲ್ಲ. ಕೊಡಕ್ಕೆ ಕೈ ಕೊಡಲೂ ಆಗಲಿಲ್ಲ. ಹತ್ತಿರ ಹೋದರೆ ಅವಳು ಮುಖ ನೋಡುತ್ತಾಳಲ್ಲ. ನಾಚಿಕೆಯಾಗಿ ತಿರುಗಿ ಇಳಿದುಬಿಟ್ಟ. ನಾಳೆ ಹೇಳುತ್ತೇನೆ ಅಂದುಕೊಂಡ. ನಾಳೆ ಏನು ಮಾಡಿದ ಗೊತ್ತೇ? ಬೇರೆ ಬೆಟ್ಟ ಹುಡುಕಿಕೊಂಡ.

ನಗಬೇಡಿ. ಈಗ ಗುಡಾಣದಲ್ಲಿ ನೀರು ಉಳಿಯುತ್ತಿದೆ. ಆ ಮುದುಕಿ ಕುರಿ ಕಾಯುವವರನ್ನು ಕೇಳುತ್ತಿದ್ದಾಳೆ: "ಆ ಪ್ರಾಣಿಗೆ ಏನಾಯ್ತೋ, ಎಲ್ಲಾದ್ರೂ ಬಿದ್ದೈತಾ ನೋಡ್ರಪ್ಪ." ಮತ್ತೆ ಬಂದರೆ ಇರಲಿ ಅಂತ ಎರಡನೆಯ ಕೊಡ ಇವತ್ತೂ ಹೊರುತ್ತಿದ್ದಾಳೆ.

ಅವನನ್ನು ಬೈಯಲು ನನಗೆ ಬಾಯಿ ಬರುತ್ತಿಲ್ಲ. ಮಠದಲ್ಲಿ ಬೆಳಗಿನ ಜಾವ ನನ್ನ ಸ್ನಾನಕ್ಕೆ ಬಿಸಿನೀರು ಕಾದಿರುತ್ತದೆ. ಹನ್ನೊಂದು ವರ್ಷದಿಂದ. ಒಲೆ ಹಚ್ಚುವವರು ಯಾರು ಅಂತ ನಾನು ಕೇಳಿದ್ದು ಮೊನ್ನೆ, ಈ ಕಥೆ ಹೇಳಬೇಕು ಅಂದುಕೊಂಡ ಮೇಲೆ. ಪುಟ್ಟೀರಮ್ಮ ಅಂತೆ. ಹೊಗೆಗೆ ಕಣ್ಣು ಮಂಜಾಗಿದೆಯಂತೆ. ಎರಡು ದಿನವಾಯಿತು, ಅವರ ಎದುರು ಹೋಗಿಲ್ಲ. ನಾನೂ ಬೆಟ್ಟ ಬದಲಾಯಿಸಿದವನೇ.

ಬೆಟ್ಟ ಹತ್ತಬೇಡಿ ಅನ್ನುತ್ತಿಲ್ಲ. ಹತ್ತಿ. ಒಬ್ಬರೇ ಹತ್ತಿ, ಮೈ ಹಗುರಾಗಲಿ, ಮನಸ್ಸು ತಿಳಿಯಾಗಲಿ. ಆದರೆ ಅಲ್ಲಿ ನೀರು ಸಿಕ್ಕಿದರೆ, ತಂದವರು ಯಾರು ಅಂತ ಕೇಳಿ. ಮನೆಯಲ್ಲಿ ತಟ್ಟೆಗೆ ಅನ್ನ ಬಿದ್ದರೆ ಕೇಳಿ. ಬೆಳಗಾಗುವಷ್ಟರಲ್ಲಿ ಬೀದಿ ಗುಡಿಸಿದ್ದರೆ ಕೇಳಿ. ಗೊತ್ತಾದ ದಿನವೇ ಅವರ ಎದುರು ಹೋಗಿ ನಿಂತು, ಇಷ್ಟು ದಿನ ನೋಡಲಿಲ್ಲ, ತಪ್ಪಾಯಿತು ಅನ್ನಿ. ಒಂದು ಕೊಡ ನೀವು ಹೊರಿ. ನಾಚಿಕೆಯಾಗುತ್ತದೆ. ಆಗಲಿ.

ಇನ್ನೂ ಅರ್ಧ ಗಂಟೆ ಮಾತಾಡಬೇಕಿತ್ತು. ಬೇಡ. ನಾನು ಒಲೆಯ ಕಡೆ ಹೋಗುತ್ತೇನೆ, ನೀವು ಹೋಗಬೇಕಾದ ಕಡೆ ಹೋಗಿ.